ಕತ್ತೆಗೆ ಮಾತಾಡಲು ಬಿಡಿ

ನವೆಂಬರ್ 3, ಸೋಮವಾರ

ಇಂದು ಬೆಳಿಗ್ಗೆ ಹನ್ನೊಂದೂಕಾಲಕ್ಕೆ ನನ್ನ ಆರು ವರ್ಷಗಳ ನಿಷ್ಠೆಯನ್ನು ಸ್ಟುಡಿಯೊದವರು ನಾಲ್ಕು ಸಾಲಿನ ಪ್ರಕಟಣೆಯಲ್ಲಿ ಮುಗಿಸಿದರು. ‘ಸೂಖೀ ನದೀ, ಚಲ್ತೀ ನಾವ್’ ಎಂಬ ಹಿಂದಿ ಕಾರ್ಟೂನ್ ಸರಣಿ ಇನ್ನು ಮುಂದೆ ಬರುವುದಿಲ್ಲವಂತೆ. ಪ್ರೇಕ್ಷಕರ ಪ್ರೀತಿಗೆ ಕೃತಜ್ಞರಂತೆ. ಕೊನೆಯಲ್ಲಿ ಕೈಮುಗಿದ ಎರಡು ಹಸ್ತಗಳ ಚಿತ್ರ. ಕತ್ತು ಕೊಯ್ದು ನಮಸ್ಕಾರ ಹೇಳುವುದನ್ನು ಇವರಿಂದ ಕಲಿಯಬೇಕು.

ಇತಿಹಾಸಕ್ಕೆ ಬೇಕಾದೀತು ಎಂದು ಬರೆದಿಡುತ್ತೇನೆ. ಝುಮ್ರಿ ಎಂಬ ಹನ್ನೊಂದು ವರ್ಷದ ಹುಡುಗಿ ಬತ್ತಿದ ನದಿಯೊಂದರ ಮರಳಿನಲ್ಲಿ, ಗಾಲಿ ಕಟ್ಟಿದ ದೋಣಿಯಲ್ಲಿ ಕುಳಿತು, ನದಿ ಕದ್ದವನನ್ನು ಹುಡುಕುತ್ತ ಹೊರಟಿದ್ದಾಳೆ. ದೋಣಿ ಎಳೆಯುವುದು ಎಡಗಿವಿ ಹರಿದ ಒಂದು ಕತ್ತೆ. ಹೆಸರು ಮಂತ್ರೀಜಿ. ಮೂವತ್ತೆಂಟು ಕಂತು ಅರಚುವುದೊಂದನ್ನು ಬಿಟ್ಟರೆ ಅದು ಬೇರೇನೂ ಮಾತಾಡಿಲ್ಲ. ಮೂವತ್ತೆಂಟನೆಯ ಕಂತಿನ ಕೊನೆಯಲ್ಲಿ ಅವರು ನದಿ ಕದ್ದ ಗುತ್ತಿಗೆದಾರ ಕಟ್ಟಿಸಿದ ಅಣೆಕಟ್ಟು ತಲುಪುತ್ತಾರೆ. ಝುಮ್ರಿ ತೂಬಿನ ಚಕ್ರದ ಮೇಲೆ ಕೈ ಇಡುತ್ತಾಳೆ. ಹಿಂದೆ ಮಂತ್ರೀಜಿ ಬಾಯಿ ತೆರೆಯುತ್ತದೆ. ಝುಮ್ರಿ ಬೆಚ್ಚಿ ತಿರುಗಿ ‘ಏನಂದೆ?’ ಎನ್ನುತ್ತಾಳೆ. ಪರದೆ ಕಪ್ಪು.

ಹದಿನಾಲ್ಕು ತಿಂಗಳಿಂದ ನಾನು ಆ ಕಪ್ಪು ಪರದೆಯ ಮುಂದೆ ಕುಳಿತಿದ್ದೇನೆ. ಕತ್ತೆ ಏನೆಂದಿತು?

ನನ್ನ ರೂಂಮೇಟ್ ಶೈಲಕ್ಕ ಮಧ್ಯಾಹ್ನವೇ ಮನೆಗೆ ಬಂದಳು. ನೋಯ್ಡಾದ ಯಾವುದೋ ಗ್ರಾಫಿಕ್ಸ್ ಕಂಪನಿಯಲ್ಲಿ ಅವಳಿಗೆ ಕೆಲಸ. ಏನು ಕೆಲಸವೆಂದು ಕೇಳಿದರೆ ‘ಹೇಳಬಾರದು ಅಂತ ಸಹಿ ಹಾಕಿಸ್ಕೊಂಡಿದ್ದಾರೆ ಕಣೇ’ ಎನ್ನುತ್ತಾಳೆ. ಸೋಪಿನ ಜಾಹೀರಾತಿಗೆ ಎಂಥ ರಹಸ್ಯವೋ. ಕೈಯಲ್ಲಿ ರಟ್ಟಿನ ಪೆಟ್ಟಿಗೆ, ಅದರಲ್ಲಿ ಮಗ್ಗು, ಒಂದು ಜೊತೆ ಚಪ್ಪಲಿ, ಮನಿಪ್ಲಾಂಟು.

“ಏನಕ್ಕಾ ಇಷ್ಟು ಬೇಗ?”

“ಆಫೀಸಲ್ಲಿ ಕ್ಲೀನಿಂಗ್ ನಡೀತಿದೆ.”

ನಾನು ದುರಂತದ ಸುದ್ದಿ ಹೇಳಿದೆ. “ಹೌದಾ” ಎಂದಳು. ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ನನ್ನ ರಿಂಗ್‌ಟೋನು ಮಂತ್ರೀಜಿಯ ಅರಚಾಟ. ಅವಳು ನೇರ ಬಚ್ಚಲುಮನೆಗೆ ಹೋಗಿ ಒಂದು ಗಂಟೆ ನಲ್ಲಿ ಬಿಟ್ಟುಕೊಂಡು ಕುಳಿತಳು. ನೀರು ಪೋಲು ಮಾಡುವುದರ ಬಗ್ಗೆ ನನ್ನ ಬಳಿ ಒಂದು ಒಳ್ಳೆಯ ಕರಪತ್ರವಿತ್ತು. ಬಾಗಿಲ ಕೆಳಗಿನಿಂದ ತೂರಿಸಿದೆ.

ನವೆಂಬರ್ 4

ದುಃಖದಿಂದ ಊಟ ಬಿಟ್ಟಿದ್ದೇನೆ. ಮೋಮೊ ಊಟವಲ್ಲ.

ನವೆಂಬರ್ 7, ಶುಕ್ರವಾರ

ದುಃಖ ಖಾಸಗಿ, ಹೋರಾಟ ಸಾರ್ವಜನಿಕ. ಇದು ಹಳೇ ದೆಹಲಿಯ ದರಿಯಾಗಂಜ್ ಫುಟ್‌ಪಾತಿನಲ್ಲಿ ಕೊಂಡ ಹದಿನಾರು ಪುಟದ ಪುಸ್ತಿಕೆಯಲ್ಲಿದೆ. ಹದಿನೇಳನೆಯ ಪುಟ ಇದ್ದಿರಬೇಕು, ಹರಿದಿದೆ.

ಸಮಿತಿ ರಚಿಸಿದೆ. ಹೆಸರು: ಅಂತ್ಯ ಹಕ್ಕು ಹೋರಾಟ ಸಮಿತಿ. ಸ್ಥಳ: ಲಕ್ಷ್ಮೀ ನಗರ ಮೆಟ್ರೊ ಕೆಳಗಿನ ಚಹಾದಂಗಡಿ. ಹಾಜರಿ: ಮೂವರು. ನಾನು ಸಂಚಾಲಕಿ. ನನ್ನ ಎಂ.ಎ. ಸಹಪಾಠಿ ಪವನ್ ಪ್ರಚಾರ ಕಾರ್ಯದರ್ಶಿ. ಅವನು ಫರೀದಾಬಾದಿನಲ್ಲೇ ಹುಟ್ಟಿ ಬೆಳೆದವನು. ಮನೆಯಲ್ಲಿ ಕನ್ನಡ, ಹೊರಗೆ ಹಿಂದಿ, ಸಭೆಯಲ್ಲಿ ಎರಡೂ ಅರ್ಧರ್ಧ. ನಮ್ಮ ಮೇಲಿನ ಮಹಡಿಯ ಸುರೇಶಣ್ಣ ಅಧ್ಯಕ್ಷ. ನಾಲ್ಕನೆಯ ಸಲ ಐಎಎಸ್ ಪರೀಕ್ಷೆಗೆ ಓದುತ್ತಿರುವ ಅವನು ಸರಣಿಯ ಒಂದು ಕಂತನ್ನೂ ನೋಡಿಲ್ಲ. ಹಿರಿಯನೆಂಬ ಒಂದೇ ಅರ್ಹತೆ.

“ಅಣೆಕಟ್ಟು ಯಾವ ರಾಜ್ಯದ್ದು?” ಎಂದ ಅಧ್ಯಕ್ಷ.

“ಕಾರ್ಟೂನ್ ರಾಜ್ಯದ್ದು, ಸುರೇಶಣ್ಣ.”

“ಅಂತರರಾಜ್ಯ ಜಲವಿವಾದ ಆಗಿದ್ರೆ ನೋಟ್ಸ್ ಇದೆ, ಕೊಡ್ತಿದ್ದೆ.”

ಘೋಷಣೆಗೆ ನಾನು ‘ಕಥನದ ಮೇಲಿನ ಬಂಡವಾಳದ ಏಕಸ್ವಾಮ್ಯಕ್ಕೆ ಧಿಕ್ಕಾರ’ ಎಂದು ಸೂಚಿಸಿದೆ. ಪವನ್ ಮುಖ ಹಿಂಡಿದ. “ಯಾರ್, ಇದನ್ನ ಕೂಗೋದ್ರಲ್ಲಿ ಉಸಿರೇ ನಿಂತು ಹೋಗ್ತದೆ. ಸಿಂಪಲ್ ಬೇಕು. ಗಧೇ ಕೋ ಬೋಲ್ನೇ ದೋ!” ಕತ್ತೆಗೆ ಮಾತಾಡಲು ಬಿಡಿ. ಚಹಾದ ಭಯ್ಯಾ ಕೂಡ ಅದಕ್ಕೇ ಕೈ ಎತ್ತಿದ. ಜನಾಭಿಪ್ರಾಯಕ್ಕೆ ತಲೆಬಾಗಿದೆ.

ಶೈಲಕ್ಕನಿಗೆ ಈಗ ಮನೆಯಿಂದಲೇ ಕೆಲಸವಂತೆ. ಲ್ಯಾಪ್‌ಟಾಪ್ ಮಾತ್ರ ವಾಪಸ್ ತೆಗೆದುಕೊಂಡಿದ್ದಾರಂತೆ. ಕಾರ್ಪೊರೇಟ್ ಲೋಕ ನನಗೆ ಯಾವತ್ತೂ ಅರ್ಥವಾಗಿಲ್ಲ.

ನವೆಂಬರ್ 11, ಮಂಗಳವಾರ

ಕರಪತ್ರ ಸಿದ್ಧ. ನಾನು ಕನ್ನಡದಲ್ಲಿ ಬರೆದೆ, ಪವನ್ ಹಿಂದಿ ಮಾಡಿದ. ನನಗೆ ಹೆಮ್ಮೆಯಿರುವ ಸಾಲು: ‘ಪೆನ್ಸಿಲ್ ಕೆಳಗಿಟ್ಟು ತೆಪ್ಪಗೆ ಮನೆಗೆ ಹೋದ ಕೂಲಿ ಕಲಾವಿದರೂ ಈ ದ್ರೋಹದ ಪಾಲುದಾರರು.’

ಶೈಲಕ್ಕನಿಗೆ ಓದಿ ಹೇಳಿದೆ. ಅವಳು ಬೆಂಡೆಕಾಯಿ ಹೆಚ್ಚುತ್ತಿದ್ದಳು. ಚಾಕು ನಿಂತಿತು.

“ಆ ಸಾಲು ಇರಲೇಬೇಕಾ?”

“ಸತ್ಯಕ್ಕೆ ಹೆದರಬಾರದು ಅಕ್ಕಾ.”

“ಹೂಂ. ಮೇಲ್ಗಡೆ ಇರೋ ಮೇಕೆ ಯಾಕೆ?”

“ಅದು ಮೇಕೆಯಲ್ಲ. ಮಂತ್ರೀಜಿ.”

ಅವಳು ಅದನ್ನು ಬಹಳ ಹೊತ್ತು ನೋಡಿದಳು. ತರಕಾರಿ ಹೆಚ್ಚಿದ ಕೈ ಒರೆಸಿಕೊಂಡು ನನ್ನ ಪೆನ್ನು ಕಿತ್ತುಕೊಂಡಳು. “ಕತ್ತೆ ಮೂತಿ ಹೀಗಿರತ್ತೇನೇ, ಕರ್ಮ” ಎನ್ನುತ್ತ ಆರೇಳು ಗೆರೆ ಎಳೆದಳು. ಮಂತ್ರೀಜಿ ನಿಂತಿತ್ತು! ಹರಿದ ಕಿವಿ, ಬೇಸರದ ಕಣ್ಣು, ಹಿಂದಿನ ಕಾಲು ತುಸು ಎತ್ತಿಕೊಂಡು ನಿಲ್ಲುವ ಚಾಳಿ ಸಮೇತ. ಸರಣಿ ನೋಡೇ ಇಲ್ಲ ಎನ್ನುತ್ತಾಳೆ. ನನ್ನ ಫೋನಿನ ವಾಲ್‌ಪೇಪರ್ ನೋಡಿ ನೋಡಿ ಕಲಿತಿರಬೇಕು. ಸೋಪಿನ ಜಾಹೀರಾತಿನಲ್ಲಿ ಎಂಥ ಪ್ರತಿಭೆ ಕೊಳೆಯುತ್ತಿದೆ!

ನೂರೈವತ್ತು ಪ್ರತಿ ಜೆರಾಕ್ಸ್.

ನವೆಂಬರ್ 14, ಶುಕ್ರವಾರ, ಮಕ್ಕಳ ದಿನಾಚರಣೆ

ಧರಣಿ! ಯಮುನಾ ಬ್ಯಾಂಕ್ ನಿಲ್ದಾಣದಲ್ಲಿ ಮೆಟ್ರೊ ಬದಲಿಸಿ, ನೋಯ್ಡಾದ ಸೆಕ್ಟರ್ 62ರಲ್ಲಿ ಇಳಿದು, ಇ-ರಿಕ್ಷಾ ಹಿಡಿದು ಸ್ಟುಡಿಯೊ ತಲುಪಿದೆವು. ತಲುಪಿದೆವು ಎಂದುಕೊಂಡೆವು. ಹೊಗೆಮಂಜು ಎಷ್ಟಿತ್ತೆಂದರೆ ಮೊದಲ ಇಪ್ಪತ್ತು ನಿಮಿಷ ಪಕ್ಕದ ಟೈಲ್ಸ್ ಕಂಪನಿಯ ಎದುರು ಕೂಗಿದೆವು. ಅಲ್ಲಿಯ ಮ್ಯಾನೇಜರ್ ಹೊರಬಂದು, ಕತ್ತೆಯ ವಿಷಯದಲ್ಲಿ ತನ್ನ ಕಂಪನಿಗೆ ಯಾವ ಆಕ್ಷೇಪವೂ ಇಲ್ಲವೆಂದು ಹೇಳಿದ.

ಸರಿಯಾದ ಗೇಟಿಗೆ ಬಂದಾಗ ಮೂವರೂ ಮಾಸ್ಕ್ ಹಾಕಿದ್ದರಿಂದ ಘೋಷಣೆ ಹೊರಗೆ ಬರಲಿಲ್ಲ. ಮಾಸ್ಕ್ ತೆಗೆದರೆ ಕೆಮ್ಮು ಬಂತು. ಪವನ್ ತಾಯಿ ಕಳಿಸಿದ್ದ ಚಿತ್ರಾನ್ನ ಸುರೇಶಣ್ಣ ಹನ್ನೆರಡಕ್ಕೇ ಮುಗಿಸಿ, ಕೋಚಿಂಗ್ ಕ್ಲಾಸಿಗೆ ಹೊತ್ತಾಯಿತೆಂದು ಹೊರಟುಹೋದ.

ಆದರೂ ಒಂದು ಗೆಲುವಿದೆ. ಗೇಟಿನ ಸೆಕ್ಯುರಿಟಿ ಭಯ್ಯಾ ಕರಪತ್ರ ನೋಡಿದವನೇ ಅರಳಿದ. “ಅರೇ, ಏಕ್‌ದಂ ಅಸಲೀ ಮಂತ್ರೀಜಿ!” ಎಂದು ಒಳಗಿರುವವರಿಗೆಲ್ಲ ತೋರಿಸುತ್ತೇನೆಂದು ತಾನೇ ಒಂದು ಕಟ್ಟು ಒಯ್ದ. ಶ್ರಮಿಕ ವರ್ಗ ನಮ್ಮ ಕಡೆಗಿದೆ. ಅವನೇ ನಮಗೆ ಚಹಾ ಕೂಡ ಕೊಡಿಸಿದ.

ನವೆಂಬರ್ 18, ಮಂಗಳವಾರ

ಮನೆಯಲ್ಲಿ ನೀರಿಲ್ಲ.

ನಮ್ಮ ಗಲ್ಲಿಯಲ್ಲಿ ನೀರು ಬೆಳಿಗ್ಗೆ ಐದೂವರೆಗೆ ಬಂದು ಆರೂಕಾಲಕ್ಕೆ ಹೋಗುತ್ತದೆ. ಆಗ ಎದ್ದು ಮೋಟಾರ್ ಹಾಕಿ ಡ್ರಮ್ಮು ತುಂಬಿಸುವುದು ಶೈಲಕ್ಕ. ನಾನು ಗಡಿಯಾರದ ದಬ್ಬಾಳಿಕೆಯನ್ನು ತಾತ್ವಿಕವಾಗಿ ವಿರೋಧಿಸುತ್ತೇನೆ, ಹಾಗಾಗಿ ಎಂಟೂವರೆಗೆ ಏಳುತ್ತೇನೆ. ಮೂರು ವರ್ಷದಿಂದ ಈ ವ್ಯವಸ್ಥೆಯಲ್ಲಿ ಯಾರಿಗೂ ತೊಂದರೆಯಾಗಿರಲಿಲ್ಲ. ಎರಡು ದಿನದಿಂದ ಅವಳು ಎದ್ದೇ ಇಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ಜ್ವರವಾ ಎಂದರೆ ಇಲ್ಲ ಎನ್ನುತ್ತಾಳೆ. ಊಟ ಎಂದರೆ ಬೇಡ ಎನ್ನುತ್ತಾಳೆ.

ಬಿಸ್ಲೇರಿಯಲ್ಲಿ ಮುಖ ತೊಳೆದೆ. ನಾಳೆಯೂ ಹೀಗೇ ಆದರೆ ಏನು ಮಾಡುವುದು?

ನವೆಂಬರ್ 19

ಐದೂವರೆಗೆ ಎದ್ದೆ. ಮೋಟಾರಿನ ಸ್ವಿಚ್ಚು ಎಲ್ಲಿದೆಯೆಂದು ಹುಡುಕುವಷ್ಟರಲ್ಲಿ ಆರು. ಅರ್ಧ ಡ್ರಮ್ಮು. ಸಾರು ಮಾಡಿದೆ, ಶೈಲಕ್ಕ ಎರಡು ತುತ್ತು ತಿಂದು “ಉಪ್ಪು ಹಾಕಿದ್ಯಾ?” ಎಂದಳು. ಹಾಕಿರಲಿಲ್ಲ.

ನವೆಂಬರ್ 21, ಶುಕ್ರವಾರ

ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ನಡೆದ ಹಾಗೆ ಬರೆಯುತ್ತೇನೆ.

ಕಾಲೇಜಿನಿಂದ ಬಂದಾಗ ಶೈಲಕ್ಕ ಎದ್ದು ಕುಳಿತಿದ್ದಳು. ನನ್ನ ಕರಪತ್ರ ಅವಳ ತೊಡೆಯ ಮೇಲಿತ್ತು.

“ಇದನ್ನ ಎಲ್ಲಿ ಹಂಚಿದೆ?”

“ಸ್ಟುಡಿಯೊ ಮುಂದೆ.”

“ಮೀಟಿಂಗಲ್ಲಿ ಹಂಚ್ತೀನಿ ಅಂದಿದ್ದೆ. ಯೂನಿವರ್ಸಿಟೀಲಿ ಅಂದಿದ್ದೆ.”

“ಹೋರಾಟ ಬೆಳೀತು ಅಕ್ಕಾ.”

ಅವಳು ಫೋನು ನನ್ನ ಕೈಗೆ ಕೊಟ್ಟಳು. ಆ ಸ್ಟುಡಿಯೊದಿಂದಲೇ ಬಂದ ಮೇಲ್. ಕರಪತ್ರದಲ್ಲಿರುವ ಚಿತ್ರ ಶೈಲಜಾ ಅವರ ಕೈಯದೆಂದು ಅವರ ಸೂಪರ್‌ವೈಸರ್ ಗುರುತಿಸಿದ್ದಾರೆ; ಕಂಪನಿಯ ವಿರುದ್ಧ ಪ್ರಚಾರ ಮಾಡಿ ಅವರು ಒಪ್ಪಂದ ಮುರಿದಂತೆ ಕಾಣುತ್ತಿದೆ; ವಿಚಾರಣೆ ಮುಗಿಯುವವರೆಗೆ ಅನುಭವ ಪತ್ರ ಕೊಡಲಾಗುವುದಿಲ್ಲ.

ಅಂದರೆ ಅವಳು ಅಲ್ಲೇ. ಮೊದಲಿನಿಂದಲೂ ಅಲ್ಲೇ. ಪ್ರತಿ ಕಂತು ಶುರುವಾಗುವ ಮೊದಲು ಕಾಗದದ ಮೇಲೆ ಒಂದೊಂದೇ ದೃಶ್ಯವನ್ನು ಚಿತ್ರಿಸಿಡುವ ಆರು ಜನರಲ್ಲಿ ಒಬ್ಬಳು. ನವೆಂಬರ್ ಮೂರರಂದು ಆರೂ ಜನರನ್ನು ಒಂದೇ ಕೋಣೆಗೆ ಕರೆದು, ಹತ್ತು ನಿಮಿಷದಲ್ಲಿ ಕಳಿಸಿದ್ದಾರೆ. ಡಿಸೆಂಬರ್ ಐದಕ್ಕೆ ಗ್ರೇಟರ್ ನೋಯ್ಡಾದಲ್ಲಿ, ಮಕ್ಕಳ ಪಾಠದ ವಿಡಿಯೊ ಮಾಡುವ ಒಂದು ಕಡೆ ಅವಳಿಗೆ ಸಂದರ್ಶನ ಇದೆ. ಅನುಭವ ಪತ್ರವಿಲ್ಲದೆ ಒಳಗೇ ಬಿಡುವುದಿಲ್ಲ.

“ಹೇಳಬಾರದಿತ್ತಾ ಅಕ್ಕಾ?” ಎಂದೆ. ಕೇಳಬಾರದಿತ್ತು.

“ಯಾವಾಗ ಹೇಳಲಿ? ನೀನು ಬಾಗಿಲ ಕೆಳಗಿಂದ ಕರಪತ್ರ ತೂರಿಸ್ತಿದ್ಯಲ್ಲ, ಆಗಲಾ? ದ್ರೋಹದ ಪಾಲುದಾರರು ಅಂತ ಓದ್ತಿದ್ಯಲ್ಲ, ಆಗಲಾ? ನಾನು ಪೆನ್ಸಿಲ್ ಕೆಳಗಿಡಲಿಲ್ಲ ಕಣೇ. ಕಿತ್ಕೊಂಡ್ರು.”

ನಾನು ಏನೋ ಹೇಳಲು ಬಾಯಿ ತೆರೆದೆ. ಅದೇ ಹೊತ್ತಿಗೆ ಪವನ್ ಕರೆ ಮಾಡಬೇಕೆ? ಫೋನು ಮಂತ್ರೀಜಿಯಂತೆ ಅರಚಿತು. ಶೈಲಕ್ಕ ಅದನ್ನು ದಿಟ್ಟಿಸಿದಳು. ಆಮೇಲೆ ತಲೆ ಎತ್ತಿ, ಕಣ್ಣಲ್ಲಿ ನೀರು ತುಂಬಿಕೊಂಡೇ, ಅದೇ ಸ್ವರದಲ್ಲಿ, ಅದೇ ಕೊನೆಯ ಬಿಕ್ಕಿನ ಸಮೇತ, ಅರಚಿದಳು. ಕೆಳಮನೆಯ ಆಂಟಿ “ಕ್ಯಾ ಹುವಾ?” ಎಂದು ಕೂಗಿದರು.

ಚಿತ್ರವಾಗುವ ಮೊದಲು ಆಫೀಸಿನವರೇ ಎಲ್ಲ ಪಾತ್ರಗಳಿಗೆ ಕಚ್ಚಾ ದನಿ ಕೊಡುತ್ತಾರಂತೆ; ಆಮೇಲೆ ನಟರು ಬಂದು ಸರಿಯಾಗಿ ಹೇಳುತ್ತಾರಂತೆ. ಕತ್ತೆಗೆ ಮಾತ್ರ ಇವಳಿಗಿಂತ ಚೆನ್ನಾಗಿ ಅರಚುವ ನಟ ಸಿಗಲಿಲ್ಲವಂತೆ. ಮೂವತ್ತೆಂಟು ಕಂತಿಗೂ ಅವಳ ದನಿಯೇ.

ಮೂರು ವರ್ಷ ನನಗೆ ನೀರು ತುಂಬಿಸಿಕೊಟ್ಟಿದ್ದು ಮಂತ್ರೀಜಿ.

ನವೆಂಬರ್ 23, ಭಾನುವಾರ

ತುರ್ತು ಸಭೆ. ಪವನ್‌ಗೆ ಕುಳಿತಲ್ಲಿ ಕೂರಲಾಗುತ್ತಿಲ್ಲ. “ಅರೇ, ಬರದೇ ಉಳಿದ ಕಂತಿನ ಡ್ರಾಯಿಂಗ್ಸ್ ನೋಡಿರೋರು ನಿನ್ನ ಘರ್ ಮೇ ಇದ್ದಾರೆ! ಕತ್ತೆ ಏನಂತು ಅಂತ ಕೇಳು, ನೆಟ್‌ನಲ್ಲಿ ಹಾಕೋಣ. ಖತಂ! ಜೀತ್ ಗಯೇ!”

“ಅವಳ ಕೆಲಸ ಹೋಗತ್ತೆ.”

“ಹೋಗೇ ಹೋಗಿದ್ಯಲ್ಲ?”

“ಮುಂದಿಂದೂ ಹೋಗತ್ತೆ ಕಣೋ.”

ಪವನ್ ನನ್ನದೇ ಕರಪತ್ರ ತೆಗೆದು ಓದಿದ: ‘ಕಥೆಯ ಅಂತ್ಯ ಯಾರೊಬ್ಬರ ಆಸ್ತಿಯಲ್ಲ, ಅದನ್ನು ಬಚ್ಚಿಡುವವರು ಜನದ್ರೋಹಿಗಳು.’ ಚೆನ್ನಾಗಿಯೇ ಬರೆದಿದ್ದೇನೆ. ಮತಕ್ಕೆ ಹಾಕಿದೆವು. ಬಯಲು ಮಾಡಬೇಕು ಎನ್ನುವವರು ಇಬ್ಬರು, ಬಾರದು ಎನ್ನುವವರು ಒಬ್ಬಳು. ಆದ್ದರಿಂದ ನಾನು ಸಮಿತಿಯನ್ನೇ ವಿಸರ್ಜಿಸಿದೆ. ಇದು ಪ್ರಜಾಪ್ರಭುತ್ವವಲ್ಲ ಎಂದ ಪವನ್. ಹೌದು ಎಂದೆ. ಮಾಜಿ ಅಧ್ಯಕ್ಷರು ಇನ್ನೊಂದು ಚಹಾ ಹೇಳಿದರು.

ಶೈಲಕ್ಕ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಡ್ರಮ್ಮು ಪೂರ್ತಿ ತುಂಬಿತು.

ನವೆಂಬರ್ 24

ಒಂದೇ ದಾರಿ. ಚಿತ್ರ ಬಿಡಿಸಿದ್ದು ನಾನು ಎಂದು ಸ್ಟುಡಿಯೊಗೆ ಹೋಗಿ ಹೇಳುವುದು. ಬಿಡಿಸಿ ತೋರಿಸು ಎಂದರೆ ಬಿಡಿಸುವುದು. ಅದಕ್ಕೆ ಕತ್ತೆ ಬರೆಯಲು ಬರಬೇಕು.

ಇಂದು ಬರೆದದ್ದು ಒಟ್ಟು ನಲವತ್ತು. ಮೇಕೆ ಮೂವತ್ತೊಂದು, ನಾಯಿ ಆರು, ನಮ್ಮ ವಿಭಾಗದ ಮುಖ್ಯಸ್ಥರು ಎರಡು, ಕತ್ತೆ ಒಂದು. ಆ ಒಂದು ಕತ್ತೆ ಸತ್ತಂತಿದೆ.

ನವೆಂಬರ್ 25

ಅರವತ್ತು. ಮೆಟ್ರೊದಲ್ಲಿ ಪಕ್ಕದ ಹೆಂಗಸು “ಮೊಲ ಚೆನ್ನಾಗಿದೆ” ಎಂದು ಹಿಂದಿಯಲ್ಲಿ ಹೊಗಳಿದಳು. ಬೇರೆ ಬೋಗಿಗೆ ಹೋದೆ.

ನವೆಂಬರ್ 27, ಗುರುವಾರ

ನೀರು ಹಿಡಿದು ಬಂದು ನೋಡಿದರೆ ಮೇಜಿನ ಮೇಲಿದ್ದ ನನ್ನ ಕತ್ತೆಗಳ ಮೇಲೆಲ್ಲ ಕೆಂಪು ಪೆನ್ಸಿಲ್ಲಿನ ಗುರುತು. ಮೂಲೆಯಲ್ಲಿ ಶೈಲಕ್ಕನ ಅಕ್ಷರ: ‘ಮೂತಿಯಿಂದ ಶುರು ಮಾಡಬೇಡ. ಎಳೆಯೋ ಪ್ರಾಣಿಗೆ ಮೊದಲು ಭುಜ.’

ಭುಜದಿಂದ ಶುರು ಮಾಡಿದೆ. ಮೂರು ದಿನ ಸತ್ತು ಬಿದ್ದಿದ್ದ ಕತ್ತೆ ಎದ್ದು ನಿಂತಿತು. ಶೈಲಕ್ಕನಿಗೆ ತೋರಿಸಿದೆ.

“ಯಾಕೆ ಬರೀತಿದೀಯ ಅಂತ ನಾನು ಕೇಳಲ್ಲ” ಎಂದಳು. “ಹಿಂದಿನ ಕಾಲು ಇನ್ನೂ ಮೇಕೆದು.”

ಡಿಸೆಂಬರ್ 1, ಸೋಮವಾರ

ಹೋದೆ. ಸೆಕ್ಯುರಿಟಿ ಭಯ್ಯಾ ನನ್ನನ್ನು ಗುರುತಿಸಿ, ತಾನು ಖುಷಿಯಲ್ಲಿ ಕರಪತ್ರ ತೋರಿಸಿದ್ದರಿಂದ ಶೈಲಜಾ ಮೇಡಂಗೆ ಹೀಗಾಯಿತೆಂದು ಮುಖ ಸಣ್ಣದು ಮಾಡಿಕೊಂಡ. ಅವನೇ ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದು ಒಳಗೆ ಬಿಟ್ಟ.

ಬಂಡವಾಳಶಾಹಿಯ ಮುಖ ಹೇಗಿರುತ್ತದೆಂದು ಬಹಳ ಓದಿದ್ದೆ. ಶೀತ ಹಿಡಿದು ವಿಕ್ಸ್ ಹಚ್ಚಿಕೊಂಡಿತ್ತು. ಎಚ್‌ಆರ್ ಮೇಡಂ ಹೆಸರು ವೈಜಯಂತಿ. ನನ್ನ ಹಿಂದಿ ಎರಡು ವಾಕ್ಯ ಕೇಳಿದವರೇ “ಅಚ್ಛಾ, ಕನ್ನಡದವಳಾ? ಹಾಗಿದ್ರೆ ಕನ್ನಡದಲ್ಲೇ ಹೇಳಮ್ಮ, ತಲೆ ಸಿಡೀತಿದೆ” ಎಂದರು. ಇಪ್ಪತ್ತು ವರ್ಷದಿಂದ ಇಲ್ಲೇ ಇರುವ ಮೈಸೂರಿನವರು.

“ಆ ಚಿತ್ರ ಶೈಲಜಾ ಅವರದಲ್ಲ, ಮೇಡಂ. ನನ್ನದು. ಕರಪತ್ರ, ಧರಣಿ, ಎಲ್ಲ ನಂದೇ. ಅವರಿಗೆ ಏನೂ ಗೊತ್ತಿರಲಿಲ್ಲ.”

“ನೀನು ಶೈಲಜಾಗೆ ಏನಾಗ್ಬೇಕು?”

“ಒಂದೇ ಮನೇಲಿರೋದು. ಅವರು ನೀರು ತುಂಬಿಸ್ತಾರೆ.” ಯಾಕೆ ಹಾಗೆಂದೆನೋ.

ಅವರು ಒಂದು ಬಿಳಿ ಹಾಳೆ, ಪೆನ್ನು ತಳ್ಳಿದರು. “ಬರಿ.”

ಭುಜ. ಬೆನ್ನು. ಕತ್ತು. ಹರಿದ ಕಿವಿ. ಹಿಂದಿನ ಕಾಲಿಗೆ ಬರುವಷ್ಟರಲ್ಲಿ ಬೆವರು. ಬರೆದು ಮುಗಿಸಿ ಹಾಳೆ ತಿರುಗಿಸಿ ಇಟ್ಟೆ. ಮೇಡಂ ಅದನ್ನೂ ಕರಪತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಒಂದು ಕತ್ತೆ ಈಗಲೋ ಆಗಲೋ ನಡೆಯುವಂತಿತ್ತು. ಇನ್ನೊಂದನ್ನು ಯಾರಾದರೂ ತಳ್ಳಬೇಕಿತ್ತು.

ಕ್ರಾಂತಿಕಾರಿಗಳನ್ನು ಗೋಡೆಗೆ ನಿಲ್ಲಿಸಿದಾಗ ಅವರೂ ಹೀಗೇ ಕಾಯುತ್ತಿದ್ದರೇನೋ.

“ಎರಡೂ ಒಂದೇ ಕೈಯಾ ಅಂತ ಹೇಳೋಕೆ ನನಗೆಲ್ಲಿ ಬರತ್ತೆ” ಎಂದರು ಮೇಡಂ, ಮೂಗೊರೆಸಿಕೊಳ್ಳುತ್ತ. “ಗೆರೆ ನೋಡಿ ಹೇಳೋರಿದ್ರು ಒಬ್ರು, ಆ ಸೂಪರ್‌ವೈಸರ್. ಅವರನ್ನೂ ಬುಧವಾರ ಕಳಿಸಾಯ್ತು. ಈಗ ಈ ಬಿಲ್ಡಿಂಗಲ್ಲಿ ಕತ್ತೆಗೂ ಮೇಕೆಗೂ ವ್ಯತ್ಯಾಸ ಗೊತ್ತಿರೋರು ಯಾರೂ ಇಲ್ಲಮ್ಮ.”

ಚಿತ್ರದ ಕೆಳಗೆ ಹೆಸರು ಬರೆದು ಸಹಿ ಹಾಕಲು ಹೇಳಿದರು. ಹಾಕಿದೆ. ಒಂದು ಗಂಟೆ ಕಾಯಿಸಿ, ಶೈಲಜಾ ಹೆಸರಿನ ಮುಚ್ಚಿದ ಲಕೋಟೆ ತಂದುಕೊಟ್ಟರು. ಬಾಗಿಲಲ್ಲಿ ತಡೆದು, ಮೆಲ್ಲಗೆ ಕೇಳಿದರು:

“ಅವಳೇನಾದ್ರೂ ಹೇಳಿದ್ಲಾ? ಕತ್ತೆ ಏನಂತು ಅಂತ? ನನ್ನ ಮಗಳು ದಿನಾ ಪ್ರಾಣ ತಿಂತಾಳೆ.”

“ಇಲ್ಲ ಮೇಡಂ, ನಾನು ಕೇಳಿಲ್ಲ” ಎಂದೆ. ಮೆಟ್ರೊ ಹತ್ತಿದ ಮೇಲೆ ಹೊಳೆಯಿತು: ನಿಜಕ್ಕೂ ಕೇಳಿಯೇ ಇಲ್ಲ.

ಡಿಸೆಂಬರ್ 5

ಕೆಲಸ ಸಿಕ್ಕಿತು. ಲೆಕ್ಕದ ಪಾಠ ಹೇಳುವ ಜಿರಾಫೆ ಬರೆಯಬೇಕಂತೆ. ಶೈಲಕ್ಕ “ಕತ್ತು ಉದ್ದ, ಕೆಲಸ ಜಾಸ್ತಿ” ಎಂದಳು. ಒಂದು ತಿಂಗಳ ಮೇಲೆ ಅವಳು ನಕ್ಕಿದ್ದು ಇದೇ ಮೊದಲು.

ಡಿಸೆಂಬರ್ 8, ಸೋಮವಾರ, ಬೆಳಿಗ್ಗೆ

ನಿನ್ನೆ ಮಧ್ಯಾಹ್ನ ಅನ್ನ ಸಾರು ಉಂಡು ಬಾಲ್ಕನಿಯ ಬಿಸಿಲಿಗೆ ಕುಳಿತಿದ್ದಾಗ ಶೈಲಕ್ಕ ತಾನಾಗಿಯೇ ಹೇಳಿದಳು. ಯಾರಿಗೂ ಹೇಳಬಾರದೆಂಬ ಷರತ್ತು. ಇದನ್ನು ನಾನಲ್ಲದೆ ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬರೆದು ಈ ಪುಟ ಹರಿಯುತ್ತೇನೆ.

ತೂಬಿನ ಮುಂದೆ ನಿಂತಾಗ ಮಂತ್ರೀಜಿ ಹೆಗಲಿನ ಹಗ್ಗ ಕಳಚಿಕೊಳ್ಳುತ್ತದಂತೆ. ಹೋಗಿ ದೋಣಿಯೊಳಗೆ ಕುಳಿತುಕೊಳ್ಳುತ್ತದಂತೆ. ಕುಳಿತು ಹೇಳುತ್ತದಂತೆ: ‘ಇವತ್ತು ನೀನು ಎಳಿ.’

ನಾನು ಕಾದೆ. “ಆಮೇಲೆ?”

“ಅಷ್ಟೇ. ಝುಮ್ರಿ ಹಗ್ಗ ತಗೊಂಡು ಹೆಗಲಿಗೆ ಹಾಕ್ಕೋತಾಳೆ.”

“ಅಣೆಕಟ್ಟು? ಗುತ್ತಿಗೆದಾರ? ನದಿ?”

“ಅದು ಮುಂದಿನ ಕಂತು. ಅದನ್ನ ಯಾರೂ ಬರೆದಿರಲಿಲ್ಲ ಕಣೇ.”

ಪ್ರಾಮಾಣಿಕವಾಗಿ ಹೇಳಬೇಕೆಂದರೆ ನಿರಾಸೆಯಾಯಿತು. ಹದಿನಾಲ್ಕು ತಿಂಗಳು ಕಾದು, ಸಮಿತಿ ಕಟ್ಟಿ, ಹೊಗೆ ಕುಡಿದು, ಮುನ್ನೂರಕ್ಕೂ ಹೆಚ್ಚು ಕತ್ತೆ ಬರೆದದ್ದು ಇದಕ್ಕಾ? ಒಂದು ಕರೆ ಇಲ್ಲ, ಒಂದು ಘೋಷಣೆ ಇಲ್ಲ. ವ್ಯವಸ್ಥೆಯ ಬಗ್ಗೆ ಒಂದೇ ಒಂದು ಮಾತಿಲ್ಲ. ನಾನಾಗಿದ್ದರೆ ಕತ್ತೆಯ ಬಾಯಲ್ಲಿ ಕನಿಷ್ಠ ಎರಡು ಪುಟ ಹೇಳಿಸುತ್ತಿದ್ದೆ. ಇದನ್ನು ಶೈಲಕ್ಕನಿಗೂ ಹೇಳಿದೆ. “ಅದಕ್ಕೇ ನಿನ್ನ ಕತ್ತೆಗಳು ಮೇಕೆ ಥರ ಇರೋದು” ಎಂದಳು.

ಈಗ ಐದೂ ಇಪ್ಪತ್ತೈದು. ಅಲಾರಂ ಅರಚಿದರೂ ಅವಳು ಎಚ್ಚರವಾಗಿಲ್ಲ. ತನ್ನದೇ ದನಿಗೆ ನಿದ್ದೆ ಮಾಡುವುದು ಸುಲಭವಿರಬೇಕು. ಮೊದಲ ದಿನ, ಗ್ರೇಟರ್ ನೋಯ್ಡಾ ದೂರ, ಏಳಕ್ಕೆ ಹೊರಡಬೇಕು ಅವಳು. ಬಿಸಿನೀರು ಕಾಯಿಸಬೇಕು. ಈ ಕೊನೆಯ ಬಗ್ಗೆ ನನಗಿರುವ ಆಕ್ಷೇಪಗಳನ್ನು ವಿವರವಾಗಿ ಬರೆಯಬೇಕೆಂದಿದ್ದೆ, ಆದರೆ ಕೆಳಗೆ ಪೈಪು ಗೊರಗುಟ್ಟುತ್ತಿದೆ. ಮೋಟಾರ್ ಹಾಕಿ ಬರುತ್ತೇನೆ.